ಮಾಜಿ ಸೈನಿಕರಿಗೊಂದು ಚಿತ್ರದ ಮೇಜು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಯಾವುದೇ ದೊಡ್ಡ ಊರಿನಲ್ಲಿ ಹೆಸರಿನ ಮುಂದೆ ‘ಮಿಲ್ಟ್ರಿ’ ಎಂದು ಸೇರಿಸಿಕೊಂಡ ಒಬ್ಬರಾದರೂ ಇರುತ್ತಾರೆ. ಜವಾನರಿಗೆ ಪಿಂಚಣಿ ಸಿಗಲು 15 ವರ್ಷದ ಸೇವೆ ಸಾಕು. ಹದಿನೆಂಟು, ಇಪ್ಪತ್ತರಲ್ಲಿ ಭರ್ತಿಯಾದವರು ನಲವತ್ತರ ಆಸುಪಾಸಿನಲ್ಲೇ ಟ್ರಂಕು ಹೊತ್ತು ಊರಿಗೆ ಬಂದಿರುತ್ತಾರೆ. ಹೆಚ್ಚಿನವರು ಜಮೀನು, ಬ್ಯಾಂಕಿನ ಗನ್‌ಮ್ಯಾನ್ ಕೆಲಸ, ಕಾರ್ಖಾನೆಯ ಸೆಕ್ಯೂರಿಟಿ ಎಂದು ಹೇಗೋ ಹೊಂದಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ದೀಪಾವಳಿಯ ಪಟಾಕಿಗೆ ಮೈ ಬೆಚ್ಚಿಬೀಳುತ್ತದೆ. ಸಣ್ಣ ಮಾತಿಗೆ ಸಿಟ್ಟು ನೆತ್ತಿಗೇರುತ್ತದೆ, ಮನೆಯವರ ಜೊತೆ ಕೂತು ಉಣ್ಣುವುದೂ ಬೇಡವೆನಿಸುತ್ತದೆ. ‘ಮಿಲ್ಟ್ರಿಯವರಲ್ವಾ, ಅವರ ಕೋಪವೇ ಹಾಗೆ’ ಎಂದು ಊರು ಅದನ್ನು ಸ್ವಭಾವದ ಲೆಕ್ಕಕ್ಕೆ ಹಾಕಿಬಿಡುತ್ತದೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಕರೆಸಿ, ಶಾಲು ಹೊದಿಸಿ, ಹಾರ ಹಾಕಿ ಕಳಿಸುತ್ತದೆ.

ಆ ಶಾಲಿನ ಜೊತೆಗೆ ಊರು ಇನ್ನೊಂದನ್ನು ಕೊಡಬಹುದು: ವಾರಕ್ಕೊಂದು ಸಂಜೆ, ಒಂದು ಕೋಣೆ, ಒಂದು ಉದ್ದನೆಯ ಮೇಜು, ಕಾಗದ, ಬಣ್ಣ, ಪಕ್ಕದಲ್ಲಿ ಅದೇ ಬಗೆಯ ಬದುಕು ಕಂಡ ನಾಲ್ಕಾರು ಜನ. ಮಾಜಿ ಸೈನಿಕರು ಕಲೆಯ ಮೂಲಕ ಮನಸ್ಸನ್ನು ಸಂಭಾಳಿಸಿಕೊಂಡು, ಆಮೇಲೆ ಅದೇ ಕಲೆಯನ್ನು ಊರಿನ ಮುಂದೆ ಇಡುವ ಪದ್ಧತಿ ಜಗತ್ತಿನ ಹಲವೆಡೆ ಬೇರೂರಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಕಪಿಲಾ ನದಿಯ ದಡದ ಈ ಎರಡು ತಾಲ್ಲೂಕುಗಳಲ್ಲಿ ಅದನ್ನು ಯಾವ ಸಾಮಗ್ರಿಯಿಂದ, ಯಾರ ನೆರವಿನಿಂದ ಕಟ್ಟಬಹುದು ಎಂಬುದನ್ನು ಇಲ್ಲಿ ನೋಡೋಣ.

ಯಾವುದು ಚಿಕಿತ್ಸೆ, ಯಾವುದು ಕೂಟ

ಕಲಾ ಚಿಕಿತ್ಸೆ ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್, 1942ರಲ್ಲಿ. ಅವರೇ ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು, ಯುದ್ಧಭೂಮಿಯನ್ನು ಚಿತ್ರಿಸಿದವರು. ಕ್ಷಯ ಹಿಡಿದು ಸ್ಯಾನಿಟೋರಿಯಂನಲ್ಲಿ ಮಲಗಿದ್ದಾಗ ಹೊತ್ತು ಕಳೆಯಲು ಚಿತ್ರ ಬರೆಯತೊಡಗಿದರು. ಅದರಿಂದ ತಮ್ಮ ಮನಸ್ಸು ಗಟ್ಟಿಯಾಗುತ್ತಿದೆ ಎಂದು ಕಂಡುಕೊಂಡು, ಆಗ ನಡೆಯುತ್ತಿದ್ದ ಎರಡನೇ ಮಹಾಯುದ್ಧದಿಂದ ಗಾಯಗೊಂಡು ಬಂದವರ ಕೈಗೂ ಪೆನ್ಸಿಲು ಕೊಟ್ಟರು. ಇನ್ನೂ ಹಿಂದೆ, ಮೊದಲ ಮಹಾಯುದ್ಧದ ಆಸ್ಪತ್ರೆಗಳಲ್ಲೇ ಬುಟ್ಟಿ ಹೆಣೆಯುವುದು, ನೇಯುವುದು ಗಾಯಾಳು ಸೈನಿಕರ ದಿನಚರಿಯ ಭಾಗವಾಗಿತ್ತು. ನಮ್ಮ ದೇಶದಲ್ಲಿ ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ, ಈಗ ಪುಣೆಯ ಖಡಕಿಯಲ್ಲಿರುವ ಸಂಸ್ಥೆ 1917ರಲ್ಲೇ ಶುರುವಾಯಿತು. ಅದೇ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರ ಪುನರ್ವಸತಿ ಕೇಂದ್ರ 1974ರಿಂದ ಇದೆ. ಕೈಕಾಲು ಆಡದವರು ಅಲ್ಲಿ ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ.

ಮೊದಲಿಗೇ ಒಂದು ವ್ಯತ್ಯಾಸ ಗೊತ್ತಿರಬೇಕು. ತರಬೇತಿ ಪಡೆದ ಚಿಕಿತ್ಸಕರು, ರೋಗಿಯ ಹಿನ್ನೆಲೆ ತಿಳಿದು, ಗುರಿ ಇಟ್ಟುಕೊಂಡು ನಡೆಸುವುದು ಕಲಾ ಚಿಕಿತ್ಸೆ. ನಮ್ಮಲ್ಲಿ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಕಲೆ ಮತ್ತು ನೃತ್ಯದ ಚಿಕಿತ್ಸಕರನ್ನೂ ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಆದರೆ ಅಂಥವರು ತಾಲ್ಲೂಕು ಮಟ್ಟದಲ್ಲಿ ಸಿಗುವುದು ಕಷ್ಟ. ತಾಲ್ಲೂಕಿನಲ್ಲಿ ಆಗುವ ಕೆಲಸ ಕಲಾಕೂಟ. ಅಲ್ಲಿ ಚಿತ್ರ ಬರೆಯುತ್ತಾರೆ, ಹಾಡುತ್ತಾರೆ, ನಾಟಕ ಕಟ್ಟುತ್ತಾರೆ. ಮನಸ್ಸಿಗೆ ಹಗುರವಾಗುತ್ತದೆ, ಸ್ನೇಹ ಬೆಳೆಯುತ್ತದೆ. ಯಾರ ಕಾಯಿಲೆಯನ್ನೂ ಅಲ್ಲಿ ಗುಣಪಡಿಸುತ್ತೇವೆ ಎಂದು ಹೇಳಬಾರದು. ಕೂಟವನ್ನು ಚಿಕಿತ್ಸೆ ಎಂದು ಕರೆದರೆ ವೈದ್ಯರ ಬಳಿ ಹೋಗಬೇಕಾದವರು ಹೋಗದೆ ಉಳಿದುಬಿಡುತ್ತಾರೆ. ಅದು ಅಪಾಯ.

ಗೆರೆ ಎಳೆದರೆ ಒಳಗೆ ಏನಾಗುತ್ತದೆ

ಸಾಮಾನ್ಯ ನೆನಪು ಕಥೆಯಂತೆ ಇರುತ್ತದೆ. ಮೊದಲು ಇದಾಯಿತು, ಆಮೇಲೆ ಅದಾಯಿತು ಎಂದು ಹೇಳಬಹುದು. ಪ್ರಾಣಕ್ಕೇ ಸಂಚಕಾರ ಬಂದ ಹೊತ್ತಿನ ನೆನಪು ಹೀಗಿರುವುದಿಲ್ಲ. ಅದು ತುಂಡು ತುಂಡಾಗಿ ಉಳಿಯುತ್ತದೆ: ಒಂದು ವಾಸನೆ, ಒಂದು ಸದ್ದು, ಒಂದು ಮುಖ. ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಸಾಕು, ಹಿಂದಿನದು ಈಗ ನಡೆಯುತ್ತಿದೆ ಎಂದು ಮೈ ನಂಬಿಬಿಡುತ್ತದೆ. ಇಂಥ ನೆನಪು ಕೆರಳಿದ ಹೊತ್ತಿನಲ್ಲಿ ಮಾತಿಗೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆ ಕುಗ್ಗುತ್ತದೆ ಎಂದು 1990ರ ದಶಕದ ಸ್ಕ್ಯಾನ್ ಅಧ್ಯಯನಗಳಲ್ಲೇ ಕಂಡುಬಂದಿತ್ತು. ‘ಏನಾಯಿತು ಹೇಳಿ’ ಎಂದು ಎಷ್ಟು ಕೇಳಿದರೂ ಬಾಯಿಂದ ಬರುವುದಿಲ್ಲ ಎಂದರೆ ಅದು ಹಟವಲ್ಲ.

ಚಿತ್ರಕ್ಕೆ ಮಾತಿನ ಸಾಲು ಬೇಕಿಲ್ಲ. ತುಂಡನ್ನು ತುಂಡಾಗಿಯೇ ಇಡಬಹುದು. ಕಾಗದದ ಮೇಲೆ ಬಂದಮೇಲೆ ಅದು ತಲೆಯೊಳಗಿನಿಂದ ಒಂದು ಮಾರು ದೂರದಲ್ಲಿರುತ್ತದೆ. ಅದನ್ನು ನೋಡಬಹುದು, ಮಡಚಿ ಇಡಬಹುದು, ಬೇಕೆಂದರೆ ಮೇಲೆ ಬಣ್ಣ ಬಳಿಯಬಹುದು. ಅದು ತನ್ನ ಮೇಲೆ ಎರಗುತ್ತಿದ್ದ ದಿನ ಹೋಗಿ, ತಾನು ಅದರ ಮೇಲೆ ಕೈಯಾಡಿಸುವ ದಿನ ಬರುತ್ತದೆ.

ಇನ್ನೊಂದು ಕೆಲಸ ಮಾಡುವುದು ಬರೀ ಕೈ. ಒಂದೇ ಹದದಲ್ಲಿ ಗೆರೆ ಎಳೆಯುವುದು, ಉಜ್ಜುವುದು, ಬಣ್ಣ ತುಂಬುವುದು ಉಸಿರನ್ನು ನಿಧಾನ ಮಾಡುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಜನ ಆರೋಗ್ಯವಂತರು 45 ನಿಮಿಷ ಕಲೆಯಲ್ಲಿ ತೊಡಗಿದರು. ಸುಮಾರು ಶೇಕಡಾ 75 ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕಡಿಮೆಯಾಗಿತ್ತು. ಕಲೆಯ ಪೂರ್ವಾನುಭವ ಇದ್ದವರಿಗೂ ಇಲ್ಲದವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇದು ಚಿಕ್ಕ ಅಧ್ಯಯನ, ಸೈನಿಕರ ಮೇಲೆ ಮಾಡಿದ್ದೂ ಅಲ್ಲ. ದೊಡ್ಡ ಭರವಸೆ ಕೊಡಲು ಸಾಲದು. ಆದರೆ ‘ನಂಗೆ ಚಿತ್ರ ಬರಲ್ಲ’ ಎಂದು ಹಿಂಜರಿಯುವವರಿಗೆ ಹೇಳಲು ಇಷ್ಟು ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ. ಎದುರುಬದುರು ಕೂತು ಕಣ್ಣಿಗೆ ಕಣ್ಣಿಟ್ಟು ಮನಸ್ಸು ಬಿಚ್ಚುವುದು ನಮ್ಮ ಗಂಡಸರಿಗೆ ಆಗದ ಕೆಲಸ. ಪಕ್ಕಪಕ್ಕ ಕೂತು, ಇಬ್ಬರ ಕಣ್ಣೂ ಕೆಲಸದ ಮೇಲಿದ್ದಾಗ ಮಾತು ತಾನಾಗಿ ಬರುತ್ತದೆ. ಕಳೆ ಕೀಳುವ ಸಾಲಿನಲ್ಲಿ ಹೆಂಗಸರು ಆಡುವ ಮಾತು ಇದೇ ಬಗೆಯದು. ಚಿತ್ರದ ಮೇಜು ಅಂಥ ಒಂದು ಸಾಲನ್ನು ಒದಗಿಸುತ್ತದೆ.

ಹೊರಗಿನ ಮೂರು ಮಾದರಿಗಳು

ಅಮೆರಿಕದ ಮೇರಿಲ್ಯಾಂಡಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಆವರಣದಲ್ಲಿ 2010ರಲ್ಲಿ ತೆರೆದ ಕೇಂದ್ರವೊಂದರಲ್ಲಿ ತಲೆಗೆ ಪೆಟ್ಟು ಬಿದ್ದ, ಆಘಾತದ ನಂತರ ಕಾಡುವ ಮನೋಬಾಧೆಯಾದ ಪಿಟಿಎಸ್‌ಡಿ ಇರುವ ಸೈನಿಕರು ಮುಖವಾಡ ಮಾಡುತ್ತಾರೆ. ಖಾಲಿ ಮುಖವಾಡವೊಂದನ್ನು ಕೊಟ್ಟು, ನಿಮ್ಮ ಮನಸ್ಸಿಗೆ ಬಂದಂತೆ ತುಂಬಿ ಎನ್ನುತ್ತಾರೆ. ಒಬ್ಬರು ಬಾಯಿಗೆ ಬೀಗ ಹಾಕುತ್ತಾರೆ, ಒಬ್ಬರು ಮುಖವನ್ನು ಎರಡಾಗಿ ಸೀಳಿ ಅರ್ಧಕ್ಕೆ ಧ್ವಜ ಬಳಿಯುತ್ತಾರೆ. ಅಲ್ಲಿನ 370 ಮುಖವಾಡಗಳನ್ನು ಸಂಶೋಧಕರು ಒಂದೊಂದಾಗಿ ಅಧ್ಯಯನ ಮಾಡಿದ್ದಾರೆ. ತಮ್ಮ ಪಲ್ಟನ್ನಿನ ಗುರುತನ್ನು ಚಿತ್ರಿಸಿದವರಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಕಡಿಮೆ ಇದ್ದದ್ದು 2018ರ ವರದಿಯಲ್ಲಿ ಕಂಡಿತು. ಇದನ್ನು ಕಾರಣ–ಪರಿಣಾಮ ಎಂದು ಓದಬಾರದು. ಆದರೆ ತನ್ನವರು ಎಂಬ ಭಾವ ಸೈನಿಕನಿಗೆ ಎಷ್ಟು ದೊಡ್ಡ ಆಸರೆ ಎಂಬುದಕ್ಕೆ ಇದು ಹೊಂದುತ್ತದೆ. ಊರಿಗೆ ಮರಳಿದ ದಿನ ಕಳೆದುಹೋಗುವುದೂ ಅದೇ.

ಎರಡನೆಯದು 2007ರಲ್ಲಿ ವರ್ಮಾಂಟ್ ರಾಜ್ಯದಲ್ಲಿ, ಇರಾಕಿನಿಂದ ಮರಳಿದ ಡ್ರೂ ಕ್ಯಾಮೆರಾನ್ ಎಂಬ ಸೈನಿಕ ಮತ್ತು ಕಾಗದ ಮಾಡುವ ಕಲಾವಿದ ಡ್ರೂ ಮ್ಯಾಟಟ್ ಸೇರಿ ಶುರುಮಾಡಿದ ‘ಕಾಂಬ್ಯಾಟ್ ಪೇಪರ್’. ಹಳೆಯ ಸಮವಸ್ತ್ರವನ್ನು ಚೂರುಚೂರು ಕತ್ತರಿಸಿ, ನೀರಲ್ಲಿ ಅರೆದು ತಿರುಳು ಮಾಡಿ, ಜರಡಿಯಲ್ಲಿ ಎತ್ತಿ ಹಾಳೆಯಾಗಿಸುತ್ತಾರೆ. ಆ ಹಾಳೆಯ ಮೇಲೆ ಚಿತ್ರ ಬರೆಯುತ್ತಾರೆ, ಕವಿತೆ ಅಚ್ಚು ಹಾಕುತ್ತಾರೆ.

ಮೂರನೆಯದು ನಾಟಕ. ಬ್ರಯನ್ ಡೋರಿಸ್ ಎಂಬ ನಿರ್ದೇಶಕರು 2008ರಿಂದ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಜಾಕ್ಸ್’, ‘ಫಿಲೊಕ್ಟಿಟಿಸ್’ ನಾಟಕಗಳ ದೃಶ್ಯಗಳನ್ನು ಸೈನಿಕರ, ಅವರ ಮನೆಯವರ ಮುಂದೆ ಓದಿಸುತ್ತಿದ್ದಾರೆ. ಓದು ಮುಗಿದ ಕೂಡಲೇ ನಾಲ್ಕು ಜನ, ಒಬ್ಬ ಮಾಜಿ ಸೈನಿಕ, ಒಬ್ಬರ ಹೆಂಡತಿ, ಒಬ್ಬ ವೈದ್ಯ ಹೀಗೆ, ಎದ್ದು ಬಂದು ಎರಡು ಮಾತಾಡುತ್ತಾರೆ. ಆಮೇಲೆ ಸಭಿಕರ ಸರದಿ. ಎರಡೂವರೆ ಸಾವಿರ ವರ್ಷದ ಹಿಂದಿನ ಪಾತ್ರದ ನೋವಿನ ಬಗ್ಗೆ ಮಾತಾಡುತ್ತ ಜನ ತಮ್ಮದನ್ನು ಹೇಳಿಕೊಳ್ಳುತ್ತಾರೆ. ಸೊಫೊಕ್ಲಿಸ್ ತಾನೂ ಸೇನೆಯ ಹೊಣೆ ಹೊತ್ತಿದ್ದವನು.

ನಮ್ಮ ಕುರುಕ್ಷೇತ್ರ

ಈ ಮೂರನೆಯ ಮಾದರಿ ಓದಿದಾಗ ಹಳೆ ಮೈಸೂರಿನ ಯಾರಿಗಾದರೂ ನೆನಪಾಗುವುದು ಊರೂರಿನ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಅಭ್ಯಾಸ ಮಾಡಿಸುತ್ತಾರೆ. ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ, ಸೀನರಿ ಮತ್ತು ಪೋಷಾಕು ಬಾಡಿಗೆಗೆ ಬರುತ್ತವೆ, ಇಡೀ ರಾತ್ರಿ ‘ಕುರುಕ್ಷೇತ್ರ’ ನಡೆಯುತ್ತದೆ. ರೈತರು, ಮೇಷ್ಟ್ರುಗಳು, ಪೊಲೀಸರು, ಮಿಲ್ಟ್ರಿಯವರು ಬಣ್ಣ ಹಚ್ಚುತ್ತಾರೆ. ಕಲೆ ಎಂದರೆ ಪೇಂಟಿಂಗ್ ಮಾತ್ರ ಎಂದು ತಿಳಿದ ನಗರದ ಕಾರ್ಯಕರ್ತರು ಇಂಥ ಕಟ್ಟಿದ ವ್ಯವಸ್ಥೆಯನ್ನು ಬಿಟ್ಟು ಬೇರೆಯದನ್ನು ಹುಡುಕುತ್ತಾರೆ.

ಕನ್ನಡಕ್ಕೆ ಯುದ್ಧ ಕಂಡ ಕಣ್ಣು ಹೊಸದೇನಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ಕವಿಯೂ ಹೌದು, ಕಲಿಯೂ ಹೌದು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣ ಒಬ್ಬೊಬ್ಬರ ದೇಹದ ಮುಂದೆಯೂ ನಿಂತು ಮರುಗುತ್ತಾನೆ. ಬದುಕುಳಿದವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಶ್ಯ ನಮ್ಮಲ್ಲಿ ವಿರಳ. ಮಹಾಭಾರತ ಯುದ್ಧದ ಕೊನೆಗೆ, ಗೆದ್ದ ಧರ್ಮರಾಯನಿಗೇ ಪಟ್ಟ ಬೇಡವಾಗುತ್ತದೆ.

ಇದನ್ನು ಕೆಲಸಕ್ಕೆ ಹಚ್ಚುವುದು ಹೀಗೆ. ಇಡೀ ರಾತ್ರಿಯ ನಾಟಕದಿಂದ ಅರ್ಧ ಗಂಟೆಯ ಒಂದು ಭಾಗ ಆರಿಸಿಕೊಳ್ಳಿ. ಗದೆ ತಿರುಗಿಸುವ ಆರ್ಭಟದ ಭಾಗ ಬೇಡ, ಯುದ್ಧ ಮುಗಿದಮೇಲಿನದು ಇರಲಿ. ಮಾಜಿ ಸೈನಿಕರೇ ಪಾತ್ರ ಮಾಡಲಿ, ಮೇಷ್ಟ್ರು ಕಂದ ಹೇಳಿಕೊಡಲಿ. ಪ್ರದರ್ಶನ ಮುಗಿದ ಮೇಲೆ ದೀಪ ಆರಿಸದೆ, ಭಾಷಣ ಇಡದೆ, ನಾಲ್ಕು ಕುರ್ಚಿ ಹಾಕಿ. ‘ಧರ್ಮರಾಯನಿಗೆ ಯಾಕೆ ಹಾಗನ್ನಿಸಿತು?’ ಎಂಬ ಒಂದೇ ಪ್ರಶ್ನೆ ಸಾಕು. ಜನ ಧರ್ಮರಾಯನ ಬಗ್ಗೆ ಮಾತಾಡುತ್ತಾರೆ. ಹೇಳಿಕೊಳ್ಳಬೇಕೆನ್ನಿಸಿದವರು ಆ ಹೆಸರಿನ ಮರೆಯಲ್ಲಿ ತಮ್ಮದನ್ನು ಹೇಳಿಕೊಳ್ಳುತ್ತಾರೆ.

ಪಾತ್ರದ ಮರೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಸಾಕ್ಷಿ ಇದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಬಂದಿಗಳಿಂದ ವರ್ಷಗಟ್ಟಲೆ ನಾಟಕ ಆಡಿಸಿದ್ದಾರೆ. ಅವುಗಳಲ್ಲಿ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕ’ವೂ ಒಂದು. ಸೈನಿಕರು ಬಂದಿಗಳಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಆದರೆ ರಂಗತಾಲೀಮಿನ ಶಿಸ್ತು, ಒಟ್ಟಿಗೆ ಉಸಿರಾಡುವ ಅಭ್ಯಾಸ, ಇನ್ನೊಬ್ಬನ ಮಾತಿಗೆ ಕಾಯುವ ತಾಳ್ಮೆ ಗಾಯಗೊಂಡ ಮನಸ್ಸಿಗೆ ಏನು ಕೊಡುತ್ತದೆ ಎಂದು ತಿಳಿಯಲು ಅದು ನಮ್ಮ ಹತ್ತಿರದ ಪಾಠಶಾಲೆ.

ನಾಟಕ ಒಲ್ಲದವರಿಗೆ ಹಾಡಿದೆ. ಈ ಸೀಮೆ ಮಂಟೇಸ್ವಾಮಿಯ ಪದ ಹಾಡುವ ನೀಲಗಾರರದು, ಮಾದೇಶ್ವರನ ಕಂಸಾಳೆಯದು. ತಂಬೂರಿ ಹಿಡಿದು, ಒಬ್ಬರು ಹೇಳಿ ಉಳಿದವರು ಸೊಲ್ಲು ಎತ್ತುವ ಕ್ರಮವೇ ಕೂಟವನ್ನು ಕಟ್ಟುತ್ತದೆ. ಭಜನೆ ಮನೆಗಳಂತೂ ಊರೂರಲ್ಲಿವೆ. ಮಾಜಿ ಸೈನಿಕರೊಬ್ಬರು ಭಜನೆಗೆ ಹೋಗಿ ತಾಳ ಹಾಕುತ್ತಿದ್ದರೆ ಅವರನ್ನು ಚಿತ್ರದ ಮೇಜಿಗೆ ಎಳೆದು ತರುವ ಅಗತ್ಯವಿಲ್ಲ.

ಕೋಣೆ, ಮೇಜು, ಇದ್ದಿಲು

ಇನ್ನು ಚಿತ್ರದ ಮೇಜು. ಜಾಗಕ್ಕೆ ಸರ್ಕಾರಿ ಶಾಲೆಯೋ ಗ್ರಂಥಾಲಯವೋ ಉತ್ತಮ. ಒಂದು ಜಾತಿಯ ಸಮುದಾಯ ಭವನದಲ್ಲಿಟ್ಟರೆ ಇನ್ನೊಂದು ಬೀದಿಯವರು ಬರಲು ಹಿಂದೆಮುಂದೆ ನೋಡುತ್ತಾರೆ. ಸೇನೆಯ ಲಂಗರಿನಲ್ಲಿ, ಅಂದರೆ ಊಟದ ಮನೆಯಲ್ಲಿ, ಒಂದೇ ಸಾಲಿನಲ್ಲಿ ಉಂಡು ಬಂದವರಿಗೆ ಊರಿನ ಈ ಬೇಲಿಯೇ ಮೊದಲ ಆಘಾತ. ಕೂಟ ಅದನ್ನು ಮತ್ತೆ ಹಾಕಬಾರದು. ಎರಡೂ ತಾಲ್ಲೂಕಿನವರು ಆಗೊಮ್ಮೆ ಈಗೊಮ್ಮೆ ಒಟ್ಟಾಗಬೇಕೆಂದರೆ ಕಪಿಲೆಯ ದಡದಲ್ಲಿ ಎರಡು ಪಟ್ಟಣಗಳ ನಡುವೆ ಇರುವ ಸುತ್ತೂರು ಅನುಕೂಲ.

ಎಂಟು ಹತ್ತು ಜನಕ್ಕಿಂತ ಹೆಚ್ಚು ಬೇಡ. ಕುರ್ಚಿಗಳನ್ನು ಗೋಡೆಗೆ ಬೆನ್ನು ತಾಗುವಂತೆ, ಬಾಗಿಲು ಕಾಣುವಂತೆ ಇಡಿ. ಬೆನ್ನ ಹಿಂದೆ ಯಾರೋ ಓಡಾಡುತ್ತಿದ್ದರೆ ಇವರಲ್ಲಿ ಹಲವರಿಗೆ ಪೆನ್ಸಿಲು ಓಡುವುದಿಲ್ಲ. ಬಾಗಿಲು ತೆರೆದಿರಲಿ, ಎದ್ದು ಹೋದವರನ್ನು ಯಾಕೆಂದು ಕೇಳಬೇಡಿ. ಶುರು ಮತ್ತು ಕೊನೆಯ ಸಮಯ ಮಾತ್ರ ಕರಾರುವಾಕ್ಕಾಗಿರಲಿ. ಆರು ಗಂಟೆ ಎಂದರೆ ಆರು. ಸಮಯ ಪಾಲಿಸದ ಜಾಗವನ್ನು ಮಿಲ್ಟ್ರಿಯವರು ಗೌರವಿಸುವುದಿಲ್ಲ.

ಹುದ್ದೆಯ ವಿಷಯ ಸೂಕ್ಷ್ಮ. ಸುಬೇದಾರ್ ಸಾಬ್ ಪಕ್ಕದಲ್ಲಿದ್ದರೆ ಸಿಪಾಯಿಯಾಗಿದ್ದವನ ಕೈ ಬಿಗಿಯುತ್ತದೆ. ‘ಸಾಬ್’ ಎನ್ನಬೇಡಿ ಎಂದು ಕಟ್ಟಳೆ ಮಾಡಿದರೂ ತಪ್ಪು, ಅದು ಅವರ ಅಭ್ಯಾಸ, ಪ್ರೀತಿಯೂ ಹೌದು. ಹಿರಿಯ ಹುದ್ದೆಯವರು ಮೊದಲು ಕೈ ಕೊಳೆ ಮಾಡಿಕೊಳ್ಳಲಿ, ಸೊಟ್ಟ ಗೆರೆ ಎಳೆಯಲಿ. ಉಳಿದವರು ತಾವಾಗಿ ಸಡಿಲವಾಗುತ್ತಾರೆ.

ನಡೆಸುವವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರೋ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಹಿರಿಯ ವಿದ್ಯಾರ್ಥಿಗಳೋ ಆಗಬಹುದು. ಅವರಿಗೆ ಕಲೆ ಗೊತ್ತು, ಈ ಜನ ಗೊತ್ತಿಲ್ಲ. ಆದ್ದರಿಂದ ಜೊತೆಗೆ ಎಲ್ಲರೂ ನಂಬುವ ಒಬ್ಬ ಮಾಜಿ ಸೈನಿಕರು ಇರಲೇಬೇಕು. ಮೇಷ್ಟ್ರಿಗೆ ಮೊದಲೇ ಹೇಳಿಕೊಡಬೇಕಾದ ಸಂಗತಿಗಳಿವೆ. ‘ಎಷ್ಟು ಜನರನ್ನ ಹೊಡೆದಿದ್ದೀರಿ?’ ಎಂಬುದು ಊರಿನವರು ಸಲೀಸಾಗಿ ಕೇಳುವ ಪ್ರಶ್ನೆ. ಈ ಕೋಣೆಯಲ್ಲಿ ಅದು ಬರಕೂಡದು. ಚಿತ್ರಕ್ಕೆ ಅಂಕ ಇಲ್ಲ, ಬಹುಮಾನ ಇಲ್ಲ. ‘ಇದರ ಅರ್ಥ ಏನು’ ಎಂದು ಚಿತ್ರ ಬರೆದವರನ್ನು ಕೆದಕುವಂತಿಲ್ಲ, ಮೊಬೈಲಲ್ಲಿ ಫೋಟೊ ತೆಗೆಯುವಂತಿಲ್ಲ. ಯುದ್ಧವನ್ನೇ ಬರೆಯಿರಿ ಎಂದು ಹೇಳುವುದಂತೂ ಬೇಡವೇ ಬೇಡ.

ಹಾಗಾದರೆ ಏನು ಬರೆಯುವುದು? ಮೊದಮೊದಲು ಇದ್ದಿಲಿನಲ್ಲಿ ಗೆರೆ, ನೆರಳು, ಊರಿನ ನಕ್ಷೆ. ನಕ್ಷೆ ಓದಲು ಕಲಿತ ಜನ ಇವರು, ಅದು ಅವರಿಗೆ ಸುಲಭದ ಬಾಗಿಲು. ತಾವು ಚಿಕ್ಕಂದಿನಲ್ಲಿ ಕಂಡ ಕೆರೆ, ಕಾಲುವೆ, ದನ ಹೊಡೆಯುತ್ತಿದ್ದ ದಾರಿ ಗುರುತಿಸಲಿ. ಹುಣಸೆ ಕಡ್ಡಿಯ ಇದ್ದಿಲು ಮೈಸೂರು ಚಿತ್ರಕಾರರು ಹಿಂದಿನಿಂದಲೂ ಬಳಸಿದ ಪೆನ್ಸಿಲು. ಬೆರಳುದ್ದದ ಹುಣಸೆ ಕಡ್ಡಿಗಳನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಒಂದು ಮೊಳೆತೂತು ಹೊಡೆದು ಒಲೆಗಿಡಬೇಕು. ತೂತಿನಿಂದ ಬರುವ ಹೊಗೆ ನಿಂತಮೇಲೆ ಇಳಿಸಿ, ಪೂರ್ತಿ ಆರುವ ತನಕ ತೆರೆಯಬಾರದು. ತೆರೆದರೆ ಕಡ್ಡಿ ಹೊತ್ತಿಕೊಳ್ಳುತ್ತದೆ. ಈ ಕೆಲಸವನ್ನು ಕೂಟದ ಹೊತ್ತಿನಲ್ಲಿ ಮಾಡಬೇಡಿ. ಹೊಗೆಯ ವಾಸನೆ ಯಾರ ಯಾವ ನೆನಪನ್ನು ತಟ್ಟುತ್ತದೋ ಹೇಳಲಾಗದು.

ಕೈ ಪಳಗಿದಮೇಲೆ ಮೈಸೂರು ಶೈಲಿಯ ಗೆಸ್ಸೊ ಕೆಲಸ ಹೊಂದುತ್ತದೆ. ಅಂಟು ಬೆರೆಸಿದ ಬಿಳಿ ಹಿಟ್ಟಿನ ಲೇಪದಿಂದ ಆಭರಣ, ಕಂಬ, ಅಂಚುಗಳನ್ನು ತುಸುವೇ ಉಬ್ಬಿಸಿ, ಮೇಲೆ ಚಿನ್ನದ ಹಾಳೆ ಕೂರಿಸುವ ಕ್ರಮ ಅದು. ಕಲಿಯುವವರು ಬಂಗಾರದ ಬಣ್ಣ ಬಳಿದರೂ ನಡೆಯುತ್ತದೆ. ಉಸಿರು ಬಿಗಿಹಿಡಿದು ಕೂದಲೆಳೆಯ ಗೆರೆ ಎಳೆಯುವ ಈ ಕೆಲಸದಲ್ಲಿ ಬೇರೆ ಯೋಚನೆಗೆ ಜಾಗವಿರುವುದಿಲ್ಲ. ಸಿಗ್ನಲ್ಸ್‌ನಲ್ಲಿ, ಸೇನೆಯ ಯಂತ್ರೋಪಕರಣ ವಿಭಾಗವಾದ ಇ.ಎಂ.ಇ.ಯಲ್ಲಿ ಸಣ್ಣ ತಂತಿಗಳ ಜೊತೆ ಕೆಲಸ ಮಾಡಿದವರಿಗೆ ಇದು ಬೇಗ ಒಗ್ಗಬಹುದು.

ಈ ನೆಲದ್ದೇ ಆದ ಇನ್ನೊಂದು ಚೌಕಟ್ಟಿದೆ. ದೇವಸ್ಥಾನದ ಬಳಿ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಒಂದು ಬದುಕನ್ನು ಮೂರು ಅಂಕಣದಲ್ಲಿ ಹೇಳುವ ಕ್ರಮವನ್ನು ನಮ್ಮ ಶಿಲ್ಪಿಗಳು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಕಾಗದವನ್ನು ಹಾಗೇ ಮೂರಾಗಿ ಮಡಚಿ: ಕೆಳಗೆ ಸೇರುವ ಮುಂಚಿನ ಊರು, ನಡುವೆ ಸೇವೆಯ ದಿನಗಳು, ಮೇಲೆ ಈಗಿನದು. ನಡುವಿನ ಅಂಕಣ ಖಾಲಿ ಬಿಡಬೇಕೆನ್ನಿಸಿದರೆ ಬಿಡಬಹುದು. ವೀರಗಲ್ಲು ಸತ್ತವರಿಗೆ ನಿಲ್ಲಿಸಿದ್ದು. ಬದುಕಿರುವಾಗ ಯಾಕೆ ಅದು ಎಂದು ಯಾರಿಗಾದರೂ ಅಪಶಕುನ ಅನ್ನಿಸಿದರೆ ಹೆಸರನ್ನೂ ಎತ್ತದೆ ಬಿಟ್ಟುಬಿಡಿ. ಆ ಅಂಜಿಕೆಗೆ ಬೆಲೆ ಕೊಡಬೇಕು.

ಸಮವಸ್ತ್ರದ ಕಾಗದ ಇಲ್ಲಿ ಆಗುತ್ತದೆಯೇ? ಹತ್ತಿಯ ಬಟ್ಟೆಯಾದರೆ ಆಗುತ್ತದೆ, ಟೆರಿಕಾಟಿನದಾದರೆ ಕಷ್ಟ. ಅದರಲ್ಲಿರುವ ಪಾಲಿಯೆಸ್ಟರ್ ಎಳೆ ತಿರುಳಾಗುವುದಿಲ್ಲ. ಬಟ್ಟೆಯನ್ನು ಉಗುರಿನಷ್ಟು ಕತ್ತರಿಸಿ, ವಾಷಿಂಗ್ ಸೋಡಾ ಹಾಕಿ ಕುದಿಸಿ, ತೊಳೆದು ಒರಳ ಕಲ್ಲಿನಲ್ಲಿ ಗಂಟೆಗಟ್ಟಲೆ ಕುಟ್ಟಬೇಕು. ಮಿಕ್ಸಿಗೆ ಹಾಕಿದರೆ ಎಳೆಗಳು ಬ್ಲೇಡಿಗೆ ಸುತ್ತಿಕೊಳ್ಳುತ್ತವೆ. ನೆನೆಸಿದ ಹಳೆಯ ನೋಟ್‌ಬುಕ್ ಹಾಳೆಯ ತಿರುಳು ಬೆರೆಸಿದರೆ ಹಾಳೆ ಕೂಡಿಕೊಳ್ಳುತ್ತದೆ. ಬ್ಯಾಡ್ಜು, ಪಟ್ಟಿಗಳನ್ನು ಮೊದಲೇ ಬಿಚ್ಚಿ ಮನೆಗೆ ಕಳಿಸಿ. ಸಮವಸ್ತ್ರ ಕತ್ತರಿಸಲು ಮನಸ್ಸೊಪ್ಪದವರೇ ಹೆಚ್ಚಿರಬಹುದು; ಅಂಥವರಿಗೆ ನೂಲು ಇದೆ. ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿಯ ಊರು. ಚರಕದ ಹದವೂ ಕುಂಚದ ಹದದ ಹಾಗೆಯೇ ಮನಸ್ಸನ್ನು ಒಂದು ಕಡೆ ನಿಲ್ಲಿಸುತ್ತದೆ.

ಹೆಂಡತಿಯರಿಗೆ ಬೇರೆಯದೇ ಒಂದು ಹೊತ್ತು ಬೇಕು. ಗಂಡ ಗಡಿಯಲ್ಲಿದ್ದಾಗ ಹೊಲ, ಮಕ್ಕಳು, ಅತ್ತೆಮಾವ ಎಲ್ಲವನ್ನೂ ಹೊತ್ತವರು ಅವರು. ವಾಪಸ್ಸು ಬಂದ ಗಂಡನ ಮೌನವನ್ನೂ ಈಗ ಹೊತ್ತಿದ್ದಾರೆ. ಪತಿಯನ್ನು ಕಳೆದುಕೊಂಡವರೂ ಇದ್ದಾರೆ. ರಂಗೋಲಿ, ಕೌದಿ, ಸೋಬಾನೆ ಎಂದು ಅವರ ಕೈಯಲ್ಲಿರುವ ಕಲೆ ಗಂಡಸರದಕ್ಕಿಂತ ಹೆಚ್ಚಿನದು. ಅವರನ್ನು ಬರೀ ಕಾಫಿ ಕಾಯಿಸಲು ಕರೆಯಬಾರದು.

ಮೇಜು ಸಾಲದೆ ಹೋದಾಗ

ಸಾಯುವ ಮಾತು ಬಂದರೆ, ಕುಡಿತ ಹಗಲಿಗೂ ಹಬ್ಬಿದರೆ, ವಾರಗಟ್ಟಲೆ ನಿದ್ದೆಯಿಲ್ಲದೆ ಹೋದರೆ, ಮನೆಯವರ ಮೇಲೆ ಕೈ ಎತ್ತಿದರೆ ಕಾಯುವಂತಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಪಿಂಚಣಿದಾರ ಮಾಜಿ ಸೈನಿಕರಿಗೂ ಅವಲಂಬಿತರಿಗೂ 2003ರಲ್ಲಿ ಶುರುವಾದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ ಮೈಸೂರಿನಲ್ಲಿದೆ. ಪಿಂಚಣಿ, ದಾಖಲೆ, ಅನುದಾನದ ತೊಡಕುಗಳಿಗೆ ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಎಷ್ಟೋ ಸಲ ನಿದ್ದೆ ಕೆಡಿಸಿರುವುದು ಯುದ್ಧದ ನೆನಪಲ್ಲ, ಬಾರದ ಪಿಂಚಣಿ ಬಾಕಿ. ಅದಕ್ಕೆ ಬಣ್ಣ ಕೊಟ್ಟು ಉಪಯೋಗವಿಲ್ಲ, ಅರ್ಜಿ ಬರೆದುಕೊಡಬೇಕು.

ಊರಿನ ಮುಂದೆ ಇಡುವುದು

ಪ್ರದರ್ಶನ ಕೂಟದ ಗುರಿಯಾಗಬಾರದು, ಅದು ಆಮೇಲಿನ ನಿರ್ಧಾರ. ಯಾವ ಚಿತ್ರ ಹೊರಗೆ ಹೋಗಬೇಕು, ಹೆಸರು ಹಾಕಬೇಕೇ ಬೇಡವೇ ಎಂಬುದು ಬರೆದವರ ಮಾತು. ಒಪ್ಪಿ ಆಮೇಲೆ ಬೇಡ ಎಂದರೂ ನಡೆಯಬೇಕು. ಶಿಬಿರದ ಜಾಗ, ಪಹರೆಯ ಕ್ರಮ, ಉಪಕರಣದಂಥ ಗೋಪ್ಯ ವಿವರ ಚಿತ್ರದಲ್ಲಿದ್ದರೆ ಒಳಗೇ ಉಳಿಯಲಿ. ರಾಜಕೀಯ ಪಕ್ಷದ ಬ್ಯಾನರಿನ ಕೆಳಗೆ ಒಂದು ಹಾಳೆಯೂ ಹೋಗದಿರಲಿ. ಒಮ್ಮೆ ಹೋದರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ.

ಜಾಗಕ್ಕೆ ಕೊರತೆಯಿಲ್ಲ. ಸುತ್ತೂರು ಜಾತ್ರೆಯಲ್ಲಿ ಚಿತ್ರಕಲೆ, ರಂಗೋಲಿ, ಭಜನೆಗಳಿಗೆ ಮೊದಲಿನಿಂದಲೂ ಸ್ಥಾನವಿದೆ. ನಂಜನಗೂಡಿನ ದೊಡ್ಡ ಜಾತ್ರೆಯೂ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳವೂ ಇವರಿಗೆ ಹೇಳಿಸಿದ್ದಲ್ಲ. ಅಷ್ಟು ನೂಕುನುಗ್ಗಲು, ಧ್ವನಿವರ್ಧಕ ತಡೆದುಕೊಳ್ಳುವುದು ಕಷ್ಟ. ಡಿಸೆಂಬರ್ 7ರ ಧ್ವಜ ದಿನ, ಜನವರಿ 14ರ ಮಾಜಿ ಸೈನಿಕರ ದಿನ ಹೊಂದುತ್ತವೆ. ಎರಡನೆಯದು ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯ ಮುಖ್ಯಸ್ಥ ಹುದ್ದೆಯಿಂದ ನಿವೃತ್ತರಾದ ದಿನ.

ಎಲ್ಲಕ್ಕಿಂತ ಒಳ್ಳೆಯ ಜಾಗ ಶಾಲೆಯ ಗೋಡೆ. ಹೈಸ್ಕೂಲು ಮಕ್ಕಳ ಜೊತೆ ಸೇರಿ ಒಂದು ಗೋಡೆಗೆ ಚಿತ್ರ ಬರೆಯುವ ಕೆಲಸ ಹಲವು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮಕ್ಕಳು ಲಡಾಖಿನ ಚಳಿ, ರಾಜಸ್ಥಾನದ ಮರಳು, ರಜೆ ಸಿಗದೆ ತಪ್ಪಿದ ತಂಗಿಯ ಮದುವೆ ಎಲ್ಲವನ್ನೂ ಕೇಳಿ ತಿಳಿದಿರುತ್ತಾರೆ. ಸಿನಿಮಾದ ಸೈನಿಕನಿಗೂ ತಮ್ಮೂರಿನ ಅಣ್ಣನಿಗೂ ಇರುವ ಅಂತರ ಆ ಮಕ್ಕಳಿಗೆ ಹೀಗೆ ತಿಳಿಯುತ್ತದೆ. ಮಕ್ಕಳನ್ನು ಕರೆದುಕೊಂಡು ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೂ ಹೋಗಿಬರಬಹುದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕೇಶವ ದೇವಾಲಯವನ್ನು 1268ರಲ್ಲಿ ಕಟ್ಟಿಸಿದ ಸೋಮನಾಥ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ. ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿರುವುದನ್ನು ಅಲ್ಲಿ ತೋರಿಸಬಹುದು.

ಕೂಟ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಚಿತ್ರಗಳ ಅಂದ ನೋಡಬೇಡಿ. ಹಾಜರಿ ಪುಸ್ತಕ ನೋಡಿ. ಮನೆಯವರನ್ನು ಕೇಳಿ: ರಾತ್ರಿ ಮಲಗುತ್ತಾರಾ, ಊಟಕ್ಕೆ ಜೊತೆ ಕೂರುತ್ತಾರಾ, ಮಕ್ಕಳ ಜೊತೆ ಮಾತಾಡುತ್ತಾರಾ? ಆರು ತಿಂಗಳಿಗೊಮ್ಮೆ ಕೂತು ಇದನ್ನು ಚರ್ಚಿಸಿ. ಯಾರಿಗೂ ಏನೂ ಬದಲಾಗದಿದ್ದರೆ ಕ್ರಮ ಬದಲಿಸಿ.

ಇದನ್ನು ಈಗಲೇ ಶುರುಮಾಡಲು ಒಂದು ಕಾರಣವಿದೆ. 2022ರಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಮೊದಲ ತಂಡಗಳ ನಾಲ್ಕು ವರ್ಷದ ಅವಧಿ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಯೋಜನೆಯ ಪ್ರಕಾರ ಸೇನೆಯಲ್ಲಿ ಮುಂದುವರಿಯುವವರು ಗರಿಷ್ಠ ಶೇಕಡಾ 25. ಉಳಿದವರು ಮೂವತ್ತೂ ತುಂಬದ ಹುಡುಗರಾಗಿ ಊರಿಗೆ ಬರುತ್ತಾರೆ. ಅವರಿಗೆ ಪಿಂಚಣಿಯಿಲ್ಲ, ಇ.ಸಿ.ಎಚ್.ಎಸ್. ಇಲ್ಲ, ಘೋಷಣೆಯ ನಿಯಮದಂತೆ ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಮಾಜಿ ಸೈನಿಕರ ಸಂಘಗಳು ಸದಸ್ಯತ್ವದ ಕಾರ್ಡು ಕೇಳದೆ ಅವರನ್ನು ಈ ಮೇಜಿಗೆ ಕರೆಯಬೇಕು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ವ್ಯವಸ್ಥೆಯನ್ನೂ 14416 ಸಂಖ್ಯೆಯನ್ನೂ ಕೋಣೆಯ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಬೇಕು.